ಕಾಕಾರ ಕಾಲಿನ ಫುಗ್ಗ

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಫುಗ್ಗ ಊದುವ ಕೆಲಸ ನನ್ನ ಪಾಲಿಗೆ ಬಂತು. ಬಲೂನಿಗೆ ನಾವು ಕಲಬುರಗಿ ಕಡೆಯವರು ಫುಗ್ಗ ಎನ್ನುತ್ತೇವೆ, ಇಲ್ಲಿ ನಾಸಿಕದ ಮರಾಠಿಯವರೂ ಹಾಗೇ ಅನ್ನುತ್ತಾರೆ. ಮನೆಯಲ್ಲಿ ಉಳಿದವರೆಲ್ಲ ಮೊಬೈಲ್ ಹಿಡಿದು ಕೂತಿದ್ದರು. ಮುದುಕಿಯ ಉಸಿರಾದರೂ ಉಪಯೋಗಕ್ಕೆ ಬರಲಿ ಅಂದುಕೊಂಡಿರಬೇಕು. ಮೊದಲನೆಯದನ್ನು ತುಟಿಗಿಟ್ಟೆ. ರಬ್ಬರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು... ಊದುವುದು ಬಿಟ್ಟು ಹಾಗೇ ಕೂತೆ. ಅದು ನಮ್ಮ ಪಕ್ಕದ ಮನೆಯ ಕಾಕಾರ ವಾಸನೆ.

ಇದೇ ನಾಸಿಕದ ಸಾತಪುರದಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಕಾಕಾರ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಜಿಲ್ಲೆಯವರೇ. ಗಾಡಿಗಳಿಗೆ ರಬ್ಬರ್ ಪೈಪು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಪಾಳಿ ಮುಗಿಸಿ ಬಂದರೆ, ಅವರಿಗಿಂತ ಮೊದಲು ಆ ವಾಸನೆ ಮನೆಯೊಳಗೆ ಬರುತ್ತಿತ್ತು. ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಅವರ ಹೆಂಡತಿ ಕಾಕು ಮೂಗು ಮುಚ್ಚಿಕೊಂಡು ಬೈದರೆ, "ಇದೇ ವಾಸ್ನಿಗಿ ನಿನಗ ಊಟ ಸಿಗ್ತದ ನೋಡು" ಅನ್ನುತ್ತಿದ್ದರು. ಚೇಷ್ಟೆಯ ಮನುಷ್ಯ. ನಿಜ ಹೇಳುವಾಗಲೂ ಮುಖ ಚೇಷ್ಟೆಯದೇ ಇರುತ್ತಿತ್ತು, ಅದೇ ಮುಂದೆ ತೊಂದರೆಯಾಯಿತು.

ಅವರಿಗೆ ನಡೆಯುವ ಹುಚ್ಚು. ಶ್ರಾವಣ ಸೋಮವಾರ ನಸುಕಿಗೇ ಎದ್ದು ತ್ರ್ಯಂಬಕೇಶ್ವರದ ಹಾದಿ ಹಿಡಿದರೆ, ಬಸ್ಸು, ಜೀಪು ಏನು ಪಕ್ಕಕ್ಕೆ ಬಂದು ನಿಂತರೂ ಹತ್ತುತ್ತಿರಲಿಲ್ಲ. ಕಾಲಿದ್ದವರು ಕಾಲಿನಿಂದಲೇ ದೇವರ ಹತ್ತಿರ ಹೋಗಬೇಕು ಎಂಬ ಹಟ. ಹಿಂತಿರುಗಿ ಬಂದವರೇ ಓಣಿಯ ಮಂದಿಗೆಲ್ಲ ಪ್ರಸಾದ ಹಂಚಿ, ಕಟ್ಟೆಯ ಮೇಲೆ ಕಾಲು ಚಾಚಿ ಕೂತರೆ ರಾಜನ ಗತ್ತು.

ಅಂಥವರು ಕೆಲಸದಿಂದ ನಿವೃತ್ತರಾದ ಮೇಲೆ ಬರಬರುತ್ತ ಪೇಟೆಯಲ್ಲಿ ನಡುನಡುವೆ ನಿಲ್ಲತೊಡಗಿದರು. ಸ್ವಲ್ಪ ನಡೆಯುವುದು, ಒಂದು ಅಂಗಡಿಯ ಮುಂದೆ ನಿಲ್ಲುವುದು. ಒಮ್ಮೆ ಸೀರೆಯಂಗಡಿಯ ಗಾಜಿನ ಮುಂದೆ ನಿಂತು ಬೊಂಬೆಯನ್ನೇ ದಿಟ್ಟಿಸುತ್ತಿದ್ದರು. "ಏನ್ರಿ ಕಾಕಾ, ಕಾಕುಗೆ ಸೀರಿ ನೋಡ್ಲಿಕತ್ತೀರೇನ್ರಿ?" ಎಂದೆ. "ಹೂಂ ಅವ್ವಾ, ಬಣ್ಣ ಸೇರವಲ್ದು" ಎಂದು ನಕ್ಕರು. ಬಣ್ಣವೂ ಇಲ್ಲ ಸೀರೆಯೂ ಇಲ್ಲ. ಮೀನಖಂಡ ಹಿಂಡಿದಂತಾಗಿ ಹೆಜ್ಜೆ ಎತ್ತಲಾಗುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಜೊತೆಗೆ ಬೀಡಿ. ಕಾಲಿನ ರಕ್ತನಾಳ ಕಟ್ಟಿಕೊಳ್ಳುತ್ತಿತ್ತು. ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ಮಾಯದೆ ಕಪ್ಪಾದಾಗ ಮನೆಯವರಿಗೆ ಗಾಬರಿಯಾಯಿತು.

ಕಾಕಾರ ಮಗಳನ್ನು ಕೊಟ್ಟದ್ದು ಸಂಭಾಜಿನಗರಕ್ಕೆ. ನಮ್ಮ ಬಾಯಲ್ಲಿ ಆಗಿನ್ನೂ ಔರಂಗಾಬಾದು. ಅಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರು ತೊಡೆಯ ಸಂದಿಯಿಂದ ಸಣ್ಣ ನಳಿಗೆ ತೂರಿಸಿ, ಕಟ್ಟಿದ ಜಾಗದಲ್ಲಿ ಬಲೂನು ಉಬ್ಬಿಸಿ, ದಾರಿ ಬಿಡಿಸಿ, ಅದನ್ನು ಆಗಲೇ ಹೊರಗೆ ತೆಗೆದರು. ಹೀಗೆ ಪೂರ್ತಿಯಾಗಿ ನಾನು ಈಗ ಹೇಳುತ್ತಿದ್ದೇನೆ. ಆಗ ಕಾಕು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಕಾಲಾಗ ಫುಗ್ಗಾ ಹಾಕ್ಯಾರವ್ವಾ, ಆರಾಮ ಆಗ್ಯಾರ."

ಹಾಕ್ಯಾರ... ನಮ್ಮ ಭಾಷೆಯಲ್ಲಿ ಹಾಕಿದ್ದು ಅಲ್ಲೇ ಇರುತ್ತದೆ. ಬೀಗ ಹಾಕಿದರೆ ಬಾಗಿಲಲ್ಲಿ ಬೀಗ ಇರುತ್ತದೆ, ಹಲ್ಲು ಹಾಕಿಸಿದರೆ ಬಾಯಲ್ಲಿ ಹಲ್ಲು ಇರುತ್ತದೆ. ಮೇಲಾಗಿ ಕಾಕಾರ ಪಕ್ಕದ ಮಂಚದವರಿಗೆ ಎದೆಯಲ್ಲಿ ಸ್ಪ್ರಿಂಗಿನಂಥ ಸ್ಟೆಂಟು ಹಾಕಿದ್ದರಂತೆ, ಅದು ಒಳಗೇ ಉಳಿಯುವಂಥದು. ಹಾಕಿದ್ದನ್ನು ಎಲ್ಲರೂ ಹೇಳಿದರು. ತೆಗೆದದ್ದನ್ನು ಹೇಳುವುದು ಯಾರಿಗೂ ಹೊಳೆಯಲಿಲ್ಲ.

ಕಾರಿನಲ್ಲಿ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕಾಕಾ ಬಂದರು. ಪಾದ ಬೆಚ್ಚಗಾಗಿತ್ತು. ಕೆಲವು ವಾರಗಳಲ್ಲಿ ಆ ಹಟಮಾರಿ ಗಾಯವೂ ಮಾಯಿತು. ನೋಡಹೋದವರಿಗೆಲ್ಲ ಪಾದ ಮುಟ್ಟಿಸಿ ತೋರಿಸುತ್ತಿದ್ದರು. ಅವರ ಸಂತೋಷ ಕಂಡು ನನಗೂ ಕಣ್ಣು ತುಂಬಿತ್ತು. ಬೀಡಿಯನ್ನೂ ಬಿಟ್ಟರು. ಡಾಕ್ಟರು ಬಿಡಿ ಎಂದದ್ದಕ್ಕಲ್ಲ. ಬಿಸಿಗೆ ರಬ್ಬರು ಕೆಡುತ್ತದೆ ಎಂದು.

ದಿನಾಲು ನಡೆಯಬೇಕು, ನೋವು ಬಂದರೆ ನಿಂತು ಮತ್ತೆ ನಡೆಯಬೇಕು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಕಾಕಾ ಮಾತ್ರ ಕಟ್ಟೆ ಬಿಟ್ಟು ಇಳಿಯಲಿಲ್ಲ. ಕೇಳಿದರೆ, "ರಬ್ಬರ್ ಅಂದ್ರ ನನಗ ಗೊತ್ತದ ಅವ್ವಾ. ಜನ್ಮ ಅದ್ರಾಗೇ ಹೋಗ್ಯಾದ. ಉಬ್ಬಿದ ರಬ್ಬರಿಗಿ ಪೆಟ್ಟು ಬೀಳಬಾರ್ದು. ಡಾಕ್ಟರಗ ಕಾಲು ಗೊತ್ತು, ರಬ್ಬರ್ ಏನು ಗೊತ್ತು?" ಎಂದು ಕಣ್ಣು ಮಿಟುಕಿಸುತ್ತಿದ್ದರು. ಓಣಿಯೆಲ್ಲ ಅದನ್ನು ಚೇಷ್ಟೆ ಎಂದೇ ತಿಳಿಯಿತು. "ಕಾಕಾ, ಗಾಳಿ ಚೆಕ್ ಮಾಡಿಸಿದ್ರೇನ್ರಿ?" ಎಂದು ಹುಡುಗರು ಕೇಳಿದರೆ ಅವರೇ ಮೊದಲು ನಗುತ್ತಿದ್ದರು. ಕಾಲು ಮಾತ್ರ ದಿಂಬಿನ ಮೇಲೆಯೇ ಇರುತ್ತಿತ್ತು.

ಮತ್ತೆ ತೋರಿಸಿಕೊಳ್ಳಲು ಔರಂಗಾಬಾದಿಗೆ ಹೋಗಬೇಕಿತ್ತು. ಬಸ್ಸು ಕುಲುಕುತ್ತದೆ ಎಂದು ಮುಂದೆ ಹಾಕಿದರು. ಗುಳಿಗೆ ತಪ್ಪಿಸಲಿಲ್ಲ. ಶ್ರಾವಣ ಬಂತು. ತ್ರ್ಯಂಬಕಕ್ಕೆ ಹೊರಟವರನ್ನು ಕಟ್ಟೆಯ ಮೇಲಿಂದಲೇ ಕೈಮುಗಿದು ಕಳಿಸಿದರು. "ಮುಂದಿನ ವರ್ಷ ಫುಗ್ಗಾ ಗಟ್ಟಿ ಆಗ್ತದ, ಆಗ ಹೋಗ್ತೀನಿ" ಎಂದರು. ಆ ಮಾತಿನಲ್ಲಿ ಚೇಷ್ಟೆ ಇರಲಿಲ್ಲ... ಈಗ ಹಾಗನ್ನಿಸುತ್ತದೆ, ಆಗ ಅನ್ನಿಸಿರಲಿಲ್ಲ.

ನಾಳ ಒಳಗೊಳಗೇ ಮತ್ತೆ ಕಟ್ಟಿಕೊಳ್ಳುತ್ತಿತ್ತು. ನಡೆಯುವ ಮನುಷ್ಯನಾಗಿದ್ದರೆ ಹಳೆಯ ನೋವು ಬಂದು ಎಚ್ಚರಿಸುತ್ತಿತ್ತು. ಮತ್ತೆ ಯಾವುದಾದರೂ ಸೀರೆಯಂಗಡಿಯ ಮುಂದೆ ನಿಲ್ಲುತ್ತಿದ್ದರು, ಯಾರಾದರೂ ನೋಡುತ್ತಿದ್ದರು. ಕೂತೇ ಇದ್ದವರಿಗೆ ಅದು ತಿಳಿಯುವುದು ಹೇಗೆ? ಚಳಿಗಾಲಕ್ಕೆ ಪಾದ ತಣ್ಣಗಾಯಿತು. ಚಳಿ ಎಂದು ಕಾಲುಚೀಲ ಹಾಕಿದರು. ಅದನ್ನು ತೆಗೆದು ನೋಡಿದ ದಿನ ಬೆರಳುಗಳೆಲ್ಲ ಕಪ್ಪಗಾಗಿದ್ದವು. ಔರಂಗಾಬಾದಿಗೆ ಒಯ್ದರು. ತಡವಾಗಿತ್ತು, ಮೊಣಕಾಲಿನ ಕೆಳಗೆ ಕಾಲು ತೆಗೆದರು.

ನೋಡಲು ಹೋದಾಗ ನಾನು ಮಂಚದ ಪಕ್ಕದಲ್ಲೇ ಇದ್ದೆ. ಡಾಕ್ಟರು ಬಂದರು. ಕಾಕಾ ತಮ್ಮ ಮುರುಕು ಮರಾಠಿಯಲ್ಲಿ ಅವರನ್ನು ಕೇಳಿದ್ದು ಒಂದೇ: ಕಾಲಿನ ಜೊತೆಗೆ ಫುಗ್ಗವೂ ಹೋಯಿತೋ, ಅಥವಾ ಅದನ್ನು ತೆಗೆದು ಇಟ್ಟಿದ್ದೀರೋ? ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅವರು ಮಂಚದ ಅಂಚಿಗೆ ಕೂತರು. ಆಮೇಲೆ ಮೆಲ್ಲಗೆ, ಅದನ್ನು ಅವತ್ತೇ ಹೊರಗೆ ತೆಗೆದಿದ್ದೆವು, ಒಳಗೆ ಏನೂ ಇರಲಿಲ್ಲ ಎಂದರು. ನಡೆದಿದ್ದರೂ ಕೆಲವರಿಗೆ ಮತ್ತೆ ಕಟ್ಟುತ್ತದೆ, ನಿಮ್ಮದೇ ತಪ್ಪು ಅಂದುಕೊಳ್ಳಬೇಡಿ ಎಂದೂ ಹೇಳಿದರು. ಅದು ಕಾಕಾರ ಕಿವಿಗೆ ಬಿತ್ತೋ ಇಲ್ಲವೋ. ನನ್ನ ಕಡೆ ತಿರುಗಿದರು. ಮುಖದಲ್ಲಿ ಚೇಷ್ಟೆಯ ಸುಳಿವಿರಲಿಲ್ಲ.

"ಹಂಗಾದ್ರ ನಾ ಇಷ್ಟ ದಿನ ಏನ್ ಕಾಯ್ಕೋತ ಕುಂತಿದ್ದೆ ಅವ್ವಾ?"

ಆಮೇಲೆ ಕಾಕಾ ಸಾತಪುರಕ್ಕೆ ಬರಲಿಲ್ಲ. ಮಗಳ ಮನೆಯಲ್ಲೇ ಉಳಿದರು, ಅಲ್ಲೇ ಹೋದರು. ತ್ರ್ಯಂಬಕದ ಪ್ರಸಾದ ಕಳಿಸಿದರೆ ಮುಟ್ಟುತ್ತಿರಲಿಲ್ಲವಂತೆ, ನಡೆದು ತಂದದ್ದಲ್ಲ ಎಂದು...

ಮೊನ್ನೆ ಅಂತೂ ಒಂದು ಕೆಂಪು ಫುಗ್ಗ ಊದಿ ಗಂಟು ಹಾಕಿ ಮೊಮ್ಮಗಳ ಕೈಗಿತ್ತೆ. ಅವಳು ಆಡಲೊಲ್ಲಳು. ಎದೆಗವಚಿಕೊಂಡು ಮೂಲೆಯಲ್ಲಿ ಕೂತುಬಿಟ್ಟಳು. ಯಾಕೆಂದು ಕೇಳಿದರೆ ಮರಾಠಿಯಲ್ಲೇ, "ಫುಟೇಲ್ ನಾ, ಆಜಿ!" ಎಂದಳು. ಒಡೆದುಹೋಗುತ್ತದಂತೆ.

"ಒಡೀಲಿ ಬಿಡವ್ವಾ," ಎಂದೆ. "ಎದ್ದು ಓಡಾಡು."