ಚಿಲುಮೆಯ ಕಲ್ಲು, ಚಿಕ್ಕಪ್ಪನ ಬ್ರಷ್ಷು

ನಮ್ಮ ಚಿಕ್ಕಪ್ಪ ನೀರು ಸರಬರಾಜು ಇಲಾಖೆಯಲ್ಲಿ ಚಿಲುಮೆಯ ಕಾವಲುಗಾರರಾಗಿದ್ದರು. ಗುಡ್ಡದ ಬುಡದಲ್ಲಿ ಉಕ್ಕಿದ ನೀರು ಕಲ್ಲುಕಾಲುವೆಯಲ್ಲಿ ಹರಿದು ಬೀದಿಯ ತೊಟ್ಟಿಗೆ ಬೀಳುತ್ತಿತ್ತು. ವಾರಕ್ಕೊಮ್ಮೆ ಆ ಕಾಲುವೆಯನ್ನು ಒರಟು ಬ್ರಷ್ಷಿನಿಂದ ತಿಕ್ಕುವುದು ಅವರ ಕೆಲಸ. ಬೀದಿಯವರೆಲ್ಲ ಅವರನ್ನು 'ಉಜ್ಜೋ ಮಾವ' ಎನ್ನುತ್ತಿದ್ದರು. ಮನೆಯಲ್ಲಿ ಒಂದು ಲೋಟ ತೊಳೆಯದವರಿಗೆ ಈ ಬಿರುದು ಕೊಟ್ಟವರು ಯಾರೆಂದು ಚಿಕ್ಕಮ್ಮನ ತಕರಾರು.

ಒಂದು ಬೆಳಿಗ್ಗೆ ಜೀವಿಗಳ ಅಧ್ಯಯನ ಮಾಡುವ ಹೆಂಗಸೊಬ್ಬಳು ಬಂದು, ಕಾಲುವೆಯ ಪಕ್ಕ ಬೋರಲು ಮಲಗಿ, ಭೂತಗನ್ನಡಿ ಹಿಡಿದು ನೋಡಿದಳು. ಕಲ್ಲಿಗಂಟಿದ ಸಾಸಿವೆಗಾತ್ರದ ಬಸವನಹುಳುಗಳು ಬೇರೆಲ್ಲೂ ಸಿಕ್ಕಿಲ್ಲವೆಂದೂ, ಅವು ಪಾಚಿ ತಿಂದು ಬದುಕುತ್ತವೆಂದೂ, ಪ್ರತಿ ಸಲ ಉಜ್ಜಿದಾಗಲೂ ಕೊಚ್ಚಿಹೋಗುತ್ತಿವೆಯೆಂದೂ ಹೇಳಿದಳು. ಚಿಕ್ಕಪ್ಪ ಅಷ್ಟು ವರ್ಷವೂ ಅವನ್ನು ಮರಳೆಂದೇ ತಿಳಿದಿದ್ದರು.

"ಮರಳು ಗೋಡೆ ಯಾಕೆ ಹತ್ತುತ್ತೆ ಅಂತ ನಂಗೂ ಒಂದೊಂದ್ ಸಲ ಅನ್ನಿಸ್ತಿತ್ತು," ಎಂದರು.

ಅಂದೇ ಬ್ರಷ್ಷನ್ನು ಮೂಲೆಗಿಟ್ಟರು. ಪಾಚಿ ದಪ್ಪವಾಯಿತು, ತೊಟ್ಟಿಯ ನೀರು ಹಸಿರಾಯಿತು, ಕೊಡ ತುಂಬಲು ಬಂದವರು ಜಾರಿದರು. ದೂರು ಹೋಯಿತು. ಇಲಾಖೆಯ ಎಂಜಿನಿಯರ್ ಬಂದು, ಇನ್ನೊಂದು ದೂರು ಬಂದರೆ ಚಿಲುಮೆಗೆ ಕಾಂಕ್ರೀಟ್ ಹಾಕಿ ಮುಚ್ಚಿ ಪೈಪು ಎಳೆಯುವುದಾಗಿ ಹೇಳಿಹೋದರು. ಹಾಗಾದರೆ ಒಂದು ಹುಳುವೂ ಉಳಿಯದು ಎಂದಳು ಆ ಹೆಂಗಸು.

ಚಿಕ್ಕಪ್ಪನ ಊಟ ಅರ್ಧಕ್ಕೇ ನಿಂತಿತು. "ಉಜ್ಜಿದ್ರೆ ನಾನೇ ಸಾಯಿಸ್ದಂಗೆ. ಬಿಟ್ರೆ ಪೈಪು ಬಂದು ಸಾಯ್ಸುತ್ತೆ. ಏನ್ ಮಾಡ್ಲೇ?"

"ಅರ್ಧ ಉಜ್ಜಿ, ಅರ್ಧ ಬಿಡಿ," ಎಂದರು ಚಿಕ್ಕಮ್ಮ. "ಗಡ್ಡಾನೂ ಹಂಗೇ ತಾನೆ ನೀವು ಕೆರ್ಕೊಳ್ಳೋದು?"

ಅದೇ ಸರಿಯೆನಿಸಿತು. ಕಾಲುವೆಯ ಬೀದಿ ಕಡೆಯ ಗೋಡೆಯಲ್ಲಿದ್ದ ಹುಳುಗಳನ್ನು ಒದ್ದೆ ಬಟ್ಟೆಯ ತುದಿಯಿಂದ ಎತ್ತಿ, ಗುಡ್ಡದ ಕಡೆಯ ಪಾಚಿಗೆ ಸೇರಿಸಿ, ಬೀದಿಯ ಕಡೆಯನ್ನಷ್ಟೇ ಉಜ್ಜಿದರು. ನೀರು ತಿಳಿಯಾಯಿತು, ದೂರು ನಿಂತಿತು. ಆದರೆ ಮುಂದಿನ ವಾರ ನೋಡಿದರೆ ಹುಳುಗಳೆಲ್ಲ ಉಜ್ಜಿದ ಗೋಡೆಯ ಮೇಲೆಯೇ ಮೇಯುತ್ತಿವೆ. ಪಾಚಿಯ ಕಡೆ ಖಾಲಿ. ಚಿಕ್ಕಪ್ಪ ಗಾಬರಿಯಿಂದ ಆ ಹೆಂಗಸನ್ನು ಕರೆಸಿದರು. ಅವಳು ಬಹಳ ಹೊತ್ತು ನೋಡಿದಳು.

"ದಪ್ಪ ಪಾಚೀಲಿ ಕೆಸರು ಕೂತಿದೆ, ಅದಕ್ಕೇ ಬಿಟ್ಟು ಬಂದಿರಬಹುದು. ಎಳೇ ಪಾಚಿ ಇವಕ್ಕೆ ಇಷ್ಟ ಅಂತ ಕಾಣುತ್ತೆ. ಸರಿಯಾಗಿ ನಂಗೂ ಗೊತ್ತಿಲ್ಲ ಮಾವ."

"ಹಂಗಾದ್ರೆ ಇಷ್ಟು ವರ್ಷ ನಾನು ಇವನ್ನ ಸಾಯಿಸ್ತಿದ್ನೋ, ಸಾಕ್ತಿದ್ನೋ?"

"ಎರಡೂ ಇರಬಹುದು," ಎಂದಳು ಆಕೆ.

ಚಿಕ್ಕಪ್ಪ ಬ್ರಷ್ಷನ್ನು ನೀರಿಗೆ ಅದ್ದಿದರು. ಊರಲು ಹೋದಲ್ಲೆಲ್ಲ ಹುಳು. ಮತ್ತೆ ಮೇಲೆತ್ತಿದರು. ಅಂದಿನಿಂದ ಅವರು ಹುಳುಗಳ ನಡುವೆ ಬೆರಳಾಡಿಸಿ, ದಪ್ಪಗಾದ ಪಾಚಿ, ಕೆಸರಷ್ಟನ್ನೇ ಅಂಗೈಯಿಂದ ಸವರಿ ತೆಗೆಯುತ್ತಿದ್ದರು. ಒಂದೇ ಕಲ್ಲಿಗೆ ಬೆಳಗೆಲ್ಲ ಹಿಡಿಯುತ್ತಿತ್ತು. ಆದರೂ ಬ್ರಷ್ಷನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುವರು. ಯಾಕೆಂದು ಕೇಳಿದರೆ, ಅದರ ಹಿಡಿಯಿಂದ ತಲೆ ಕೆರೆದುಕೊಳ್ಳುವರು.