ಒಳಮನೆಯ ಕೂಗು

ದೆವ್ವ, ದೃಷ್ಟಿ, ಮಾಟ ಎಂದು ಯಾರಾದರೂ ಬಾಯಿ ತೆರೆದರೆ ನಗುವವರಲ್ಲಿ ನಾನೇ ಮೊದಲಿಗ. ಪಶುವೈದ್ಯನಾಗಿ ಊರೂರು ಸುತ್ತುವಾಗ ಇಂಥ ಮಾತು ದಿನವೂ ಕಿವಿಗೆ ಬೀಳುತ್ತಿತ್ತು. ಎಮ್ಮೆಗೆ ಕೆಚ್ಚಲು ಬಾವು ಬಂದರೆ, ಹಾಲು ಉಕ್ಕಿ ಒಲೆಗೆ ಬಿದ್ದದ್ದೇ ಕಾರಣ ಎನ್ನುವರು. ಒಲೆಯ ಮಾತು ಬಿಟ್ಟು ಮೊದಲು ಕೈ ತೊಳೆದುಕೊಳ್ಳಿ ಎಂದು ಗದರಿಸಿ ಬರುತ್ತಿದ್ದೆ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ನ್ಯಾಮತಿಯಲ್ಲಿದ್ದೆ. ಒಂದು ಮಧ್ಯಾಹ್ನ ಸವಳಂಗದಿಂದ ರುದ್ರೇಶ ಎಂಬ ಯುವಕ ಸೈಕಲ್ ತುಳಿದುಕೊಂಡು ಬಂದ. ಅವನ ಹೆಂಡತಿ ಗಿರಿಜ ಜಗಳೂರು ಕಡೆಯವಳು. ಬಾಣಂತನ ಮುಗಿಸಿ ಕೂಸಿನೊಂದಿಗೆ ಗಂಡನ ಮನೆಗೆ ಬರುವಾಗ ತವರಿನವರು ಹೊಸದಾಗಿ ಈದ ಎಮ್ಮೆಯೊಂದನ್ನು ಬಳುವಳಿಯಾಗಿ ಕಳಿಸಿದ್ದರು. ಆ ಎಮ್ಮೆಗೆ ಕೆಚ್ಚಲು ಬಾವು ಬಂದಿತ್ತು. ಅದೇ ವಾರ ಗಿರಿಜಳಿಗೂ ಎಡಗಡೆಯ ಎದೆ ಬಾತು ಮೈ ಸುಡುವ ಜ್ವರ. ಹೊನ್ನಾಳಿಯ ಡಾಕ್ಟರು ಇಂಜೆಕ್ಷನ್ ಕೊಟ್ಟರೂ ಇಳಿದಿರಲಿಲ್ಲ. ಹೀಗೇ ಇದ್ದರೆ ಶಿವಮೊಗ್ಗಕ್ಕೆ ಒಯ್ದು ಕೊಯ್ಯಿಸಬೇಕು, ತಡವಾದರೆ ಜೀವಕ್ಕೇ ಅಪಾಯ ಎಂದಿದ್ದರಂತೆ.

"ಎಮ್ಮೆ ನೋಡಾಕೆ ಬರ್ರಿ ಸಾರ್. ಅದು ಬಂದ ಮೇಲೇ ಹಿಂಗಾತು, ನಾಳೆ ಕಸಾಯಿಯವನಿಗೆ ಕೊಟ್ಟುಬಿಡ್ತೀನಿ ಅಂತ ನಮ್ಮವ್ವ ಕುಂತೈತೆ" ಎಂದ. ಹೆಂಡತಿ ಸಾವಿನ ಬಾಯಲ್ಲಿರುವಾಗ ಇವನಿಗೆ ಎಮ್ಮೆಯ ಚಿಂತೆಯೇ ಎಂದು ಸಿಟ್ಟೇ ಬಂತು. ಆದರೂ ಹೋದೆ.

ಆ ಮನೆಯಲ್ಲಿ ದನ ಕಟ್ಟುವ ಜಾಗ ತಲೆಬಾಗಿಲ ಪಕ್ಕದಲ್ಲೇ ಇತ್ತು. ಗಿರಿಜ ಒಳಮನೆಯಲ್ಲಿ ಮಲಗಿದ್ದಳು. ಬಾಣಂತಿಗೆ ಗಾಳಿ ತಗಲಬಾರದೆಂದು ಅದರ ಬಾಗಿಲು ಮುಚ್ಚಿದ್ದರು. ರುದ್ರೇಶನ ತಾಯಿ ಬಸಮ್ಮ ಹರಳೆಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು. ಆ ಎಣ್ಣೆಯಿಂದ ಎಮ್ಮೆಯ ಕೆಚ್ಚಲು ನೀವಿ, ಅದೇ ಕೈಯಲ್ಲಿ ಒಳಗೆ ಹೋಗಿ ಸೊಸೆಯ ಎದೆಗೂ ಸವರುತ್ತಿದ್ದಳೆಂದು ಕೇಳಿ ತಲೆ ಚಚ್ಚಿಕೊಂಡೆ.

"ಬಾವು ಅಂದಮೇಲೆ ಎಲ್ಲಾ ಒಂದೇ ಅಲ್ಲೇನ್ರಿ?" ಎಂದಳು.

ಕುಕ್ಕರಗಾಲಲ್ಲಿ ಕೂತು ಎಮ್ಮೆಯ ಮುಂದಿನ ಮೊಲೆಗಳನ್ನು ಹಿಂಡಿದೆ. ಹಾಲು ಚೆನ್ನಾಗಿತ್ತು. ಆಮೇಲೆ ಎಡಗಡೆಯ ಹಿಂದಿನ ಮೊಲೆ ಹಿಡಿದು ಒತ್ತಿದೆ. ಬಾತ ಕೆಚ್ಚಲು ಮುಟ್ಟಿದರೆ ಎಂಥ ಸಾಧು ಎಮ್ಮೆಯೂ ಒದೆಯುತ್ತದೆ. ಒದೆ ತಪ್ಪಿಸಿಕೊಳ್ಳಲು ಸಿದ್ಧನಾಗೇ ಇದ್ದೆ. ಎಮ್ಮೆ ಕದಲಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಗಿರಿಜ ಕಿಟಾರನೆ ಕಿರುಚಿದಳು.

ಕೂಸು ಎದೆಗೆ ಬಾಯಿ ಹಾಕಿರಬೇಕು ಎಂದುಕೊಂಡೆ. ಆದರೆ ಕೂಸು ಬಸಮ್ಮನ ಸೊಂಟದ ಮೇಲಿತ್ತು. ಬಲಗಡೆಯ ಮೊಲೆ ಒತ್ತಿದೆ, ಏನೂ ಇಲ್ಲ. ರುದ್ರೇಶನೊಡನೆ ಮೇವಿನ ವಿಚಾರ ಮಾತಾಡುತ್ತಲೇ, ಯಾರಿಗೂ ಕಾಣದ ಹಾಗೆ ಮತ್ತೆ ಎಡಕ್ಕೆ ಕೈ ಹಾಕಿದೆ. ಮತ್ತೆ ಅದೇ ಕೂಗು. ಎಮ್ಮೆ ಮಾತ್ರ ಮೆಲುಕು ಹಾಕುತ್ತ ನಿಂತಿತ್ತು. ಬಸಮ್ಮ ಬಂದು ನನ್ನ ರಟ್ಟೆ ಹಿಡಿದುಕೊಂಡಳು.

"ಸಾಕು ಬಿಡ್ರಿ ಸಾರ್, ಹುಡುಗಿ ಸಾಯ್ತಾಳೆ."

ಹಾಲಿನ ಸ್ಯಾಂಪಲ್ ತೆಗೆದು ಎಮ್ಮೆಗೆ ಔಷಧಿ ಏರಿಸಿದೆ. ಒಳಗಿನ ನರಳಾಟ ಸಣ್ಣದಾಗುತ್ತ ಬಂದು ನಿಂತಿತು. ರುದ್ರೇಶ ಬಾಗಿಲು ಸರಿಸಿ ನೋಡಿ, "ನಿದ್ದೆ ಹತ್ತೈತೆ ಸಾರ್" ಎಂದ. ಬಸಮ್ಮನ ಕೈಯಿಂದ ಸೊಸೆಯ ಹಾಲನ್ನೂ ಒಂದು ಸೀಸೆಯಲ್ಲಿ ತರಿಸಿಕೊಂಡೆ. ಬೆಳಗಾಗುತ್ತಲೇ ಶಿವಮೊಗ್ಗಕ್ಕೆ ಕರೆದೊಯ್ಯಲು ಹೇಳಿ ಬಂದೆ. ಅವರು ಹೋಗಲಿಲ್ಲ. ಬೆಳಿಗ್ಗೆ ಅವಳ ಜ್ವರ ಬಿಟ್ಟಿತ್ತು. ಬಾವೂ ಇಳಿಯತೊಡಗಿತ್ತು. ಎಮ್ಮೆಯನ್ನು ಮಾರುವ ಮಾತು ಅಲ್ಲಿಗೇ ನಿಂತಿತು.

ಎರಡೂ ಸೀಸೆಗಳನ್ನು ಲ್ಯಾಬಿನಲ್ಲಿದ್ದ ಗೆಳೆಯನಿಗೆ ಕೊಟ್ಟಿದ್ದೆ. ಎರಡರಲ್ಲೂ ಒಂದೇ ಥರದ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯ ಬೆಳೆದಿತ್ತು. ಅದನ್ನು ಮೊಲದ ರಕ್ತದ ತಿಳಿಯಲ್ಲಿ ಬೆರೆಸಿಟ್ಟರೂ ಹೆಪ್ಪುಗಟ್ಟಲಿಲ್ಲ, ಅಂದರೆ ಕೋಯಾಗ್ಯುಲೇಸ್ ನೆಗೆಟಿವ್. ಹೆಪ್ಪುಗಟ್ಟಿಸುವುದು ರೋಗಾಣು, ಹೆಪ್ಪುಗಟ್ಟಿಸದ್ದು ಚರ್ಮದ ಮೇಲೆ ತನ್ನ ಪಾಡಿಗೆ ತಾನಿರುವ ಬಡಪಾಯಿ ಎಂದೇ ನಮಗೆಲ್ಲ ಆಗ ಕಲಿಸಿದ್ದು. "ನಿನ್ನ ಕೈಯ ಕೊಳೆ ಸೀಸೆಗೆ ಬಿದ್ದಿದೆ ಮಾರಾಯ" ಎಂದು ಗೆಳೆಯ ನಕ್ಕ. ಆ ಬಡಪಾಯಿಯೂ ಜನರನ್ನು, ದನಗಳನ್ನು ಕಾಡಬಲ್ಲದು ಎಂದು ಆಮೇಲೆ ಓದಿದೆ. ಎಣ್ಣೆಯ ಬಟ್ಟಲಿನಿಂದ ಅದು ಎಮ್ಮೆಗೂ ಬಾಣಂತಿಗೂ ಹಬ್ಬಿದ್ದು ನನಗೆ ಅರ್ಥವಾಗುತ್ತದೆ. ಹೊನ್ನಾಳಿಯ ಇಂಜೆಕ್ಷನ್ ತಡವಾಗಿ ಹಿಡಿಯಿತು ಎಂದೂ ಒಪ್ಪಿಕೊಳ್ಳಬಹುದು. ಆದರೆ ನೋವು ಯಾವ ಬಟ್ಟಲಿನಿಂದ ಹಬ್ಬಿತು?

ವರ್ಷಗಳು ಕಳೆದು ನಾನು ಚನ್ನಗಿರಿಯಲ್ಲಿದ್ದಾಗ ರುದ್ರೇಶ ಹುಡುಕಿಕೊಂಡು ಬಂದ. ತಲೆ ನರೆತಿತ್ತು. ಆ ಎಮ್ಮೆಗೆ ವಯಸ್ಸಾಗಿ ನೆಲ ಹಿಡಿದಿದೆ, ಮೇವು ಮುಟ್ಟುತ್ತಿಲ್ಲ ಎಂದ. ಅಷ್ಟು ದೂರ ಬರಲಾಗದು, ಅಲ್ಲಿಯ ಡಾಕ್ಟರಿಗೆ ತೋರಿಸಪ್ಪಾ ಎಂದೆ. ಅವನು ಬಾಗಿಲಲ್ಲೇ ನಿಂತಿದ್ದ.

"ಎಮ್ಮೆ ಉಳಿಸ್ರಿ ಅಂತ ಕೇಳಾಕೆ ಬಂದಿಲ್ಲ ಸಾರ್. ಗಿರಿಜನೂ ಅನ್ನ ಬಿಟ್ಟು ಮಲಗೈತೆ. ಎಮ್ಮೆ ಹೋದ್ರೆ ಅವಳಿಗೆ ಏನೂ ಆಗಲ್ಲ ಅಂತ ನೀವು ಒಂದು ಮಾತು ಹೇಳ್ರಿ ಸಾಕು."

"ಏನೂ ಆಗಲ್ಲ, ಹೋಗಪ್ಪಾ" ಎಂದೆ. ಕೈಮುಗಿದು ಹೋದವನು ಮತ್ತೆ ಬರಲಿಲ್ಲ.

ಈಗಲೂ ಆ ದಾರಿಯಲ್ಲಿ ಓಡಾಡುತ್ತೇನೆ. ಬಸ್ಸು ಸವಳಂಗದಲ್ಲಿ ನಿಲ್ಲುತ್ತದೆ. ಇಳಿದು, ಗಿರಿಜ ಏನಾದಳೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಇವತ್ತಿನವರೆಗೂ ಇಳಿದಿಲ್ಲ.