ಕಂಪನಿ ನಿಯಮದ ಪ್ರಕಾರ

ನಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವರು ಲೆಟರಕ್ಕ. ಹೊಸದಾಗಿ ಕೆಲಸಕ್ಕೆ ಸೇರುವವರ ಆಫರ್ ಲೆಟರ್‌ಗಳನ್ನು ಇಪ್ಪತ್ತನಾಲ್ಕು ವರ್ಷ ಟೈಪ್ ಮಾಡಿದವರಿಗೆ ಬೇರೆ ಹೆಸರು ಅಂಟುವುದಾದರೂ ಹೇಗೆ? ನೇಮಕಾತಿ ಕೋಣೆಯಲ್ಲಿ ಅವರ ಪಕ್ಕದ ಮೇಜು ನನ್ನದು. ಸೇರುವವರ ಅಂಕಪಟ್ಟಿ ಅಸಲಿಯೋ ನಕಲಿಯೋ ನೋಡುವುದು, ಬಿಟ್ಟುಹೋದವರ ಬಗ್ಗೆ ಬೇರೆ ಕಂಪನಿಯವರು ಫೋನ್ ಮಾಡಿದರೆ ಉತ್ತರ ಹೇಳುವುದು ನನ್ನ ಕೆಲಸ. ಹನ್ನೊಂದು ವರ್ಷ ಒಂದೇ ಗೋಡೆ ಫ್ಯಾನಿನ ಕೆಳಗೆ ಕೂತಿದ್ದೇವೆ. ಆ ಫ್ಯಾನು ಯಾರ ಕಡೆ ತಿರುಗಬೇಕು ಎಂದು ಜಗಳವಾಡಿದ್ದೇವೆ, ಅವರೇ ಗೆದ್ದಿದ್ದಾರೆ.

ಲೆಟರಕ್ಕನ ಹತ್ತಿರ ಒಂದು ಮರದ ಸ್ಕೇಲಿತ್ತು. ಅದರ ಅಂಕೆಗಳು ಸವೆದು ಹೋಗಿದ್ದವು. ಲೆಟರ್ ಟೈಪ್ ಆಗಿ ಪ್ರಿಂಟ್ ಬಂದ ಮೇಲೆ ಅದನ್ನು ಪ್ರತಿ ಸಾಲಿನ ಕೆಳಗೆ ಇಟ್ಟು, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದರು. ಹೆಸರಿನ ಮುಂದಿನ ಒಂದು ಚುಕ್ಕಿ ತಪ್ಪಿದರೂ ಹಾಳೆ ಹರಿದು ಬುಟ್ಟಿಗೆ.

“ಕಂಪ್ಯೂಟರೇ ತಪ್ಪು ತೋರಿಸುತ್ತಲ್ಲಾ ಅಕ್ಕಾ, ಸುಮ್ನೆ ಯಾಕೆ ಕಣ್ಣು ಹಾಳು ಮಾಡ್ಕೋತೀರಿ?” ಎಂದು ನಾನು ಕೆಣಕುತ್ತಿದ್ದೆ.

“ನೋಡಪ್ಪಾ, ಮೊದಲನೇ ಕೆಲಸದ ಕಾಗದ ಇದು. ಮನೆಮಂದಿಯೆಲ್ಲಾ ಕೂತು ಓದ್ತಾರೆ. ಇದರಲ್ಲಿ ತಪ್ಪಿದ್ರೆ ನನ್ನ ಮಾನ ಹೋಗುತ್ತೆ. ನೀನು ನಿನ್ನ ಅಂಕಪಟ್ಟಿ ನೋಡ್ಕೋ.”

ಆ ಕಾಗದದಲ್ಲಿ ತಪ್ಪು ಇರುತ್ತಿರಲಿಲ್ಲ, ನಿಜ. ಆದರೆ ಅದರ ನಾಲ್ಕನೇ ಸಾಲು ಹೇಗೆ ಹುಟ್ಟುತ್ತದೆ ಎಂಬುದು ನಮ್ಮ ಕೋಣೆಯವರಿಗೆ ಮಾತ್ರ ಗೊತ್ತಿತ್ತು. ನಾಲ್ಕನೇ ಸಾಲೆಂದರೆ ಸಂಬಳ.

ಹೊಸಬರ ಸಂಬಳಕ್ಕೆ ನಮ್ಮಲ್ಲಿ ಮೂರು ಮೆಟ್ಟಿಲು. ಕೆಲಸ ಒಂದೇ, ಕುರ್ಚಿ ಒಂದೇ, ಬೈಗುಳವೂ ಒಂದೇ. ಸಂಬಳ ಮಾತ್ರ ಮೂರು ತರಹ. ಯಾರು ಯಾವ ಮೆಟ್ಟಿಲು ಎಂದು ತೀರ್ಮಾನವಾಗುತ್ತಿದ್ದದ್ದು ಸಂದರ್ಶನದ ಕೊನೆಯಲ್ಲಿ ನಮ್ಮ ಮ್ಯಾನೇಜರ್ ನಗುನಗುತ್ತಾ ಕೇಳುತ್ತಿದ್ದ ಒಂದೇ ಪ್ರಶ್ನೆಯಿಂದ: “ಸಂಬಳ ಎಷ್ಟು ನಿರೀಕ್ಷೆ ಮಾಡ್ತೀರಿ?” ಧೈರ್ಯವಾಗಿ ಒಂದು ಮೊತ್ತ ಹೇಳಿದವರಿಗೆ ಮೇಲಿನ ಮೆಟ್ಟಿಲು. ತಡವರಿಸುತ್ತಾ ಹೇಳಿದವರಿಗೆ ನಡುವಿನದು. “ಕಂಪನಿ ನಿಯಮದ ಪ್ರಕಾರ ಕೊಡಿ ಸರ್” ಎಂದವರಿಗೆ ಕೆಳಗಿನದು. ವಿನಯವಂತರಿಗೆಲ್ಲಾ ಕೆಳಗಿನದೇ. ಇದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಮ್ಯಾನೇಜರ್ ಕೈಯ ಹಾಳೆಯಲ್ಲಿ ಒಂದು ಟಿಕ್ ಬೀಳುತ್ತಿತ್ತು, ಅದು ಲೆಟರಕ್ಕನ ಮೇಜಿಗೆ ಬರುತ್ತಿತ್ತು, ಅಷ್ಟೇ.

ಅಲ್ಲಿಗೇ ಮುಗಿದಿದ್ದರೆ ಬೇರೆ ಮಾತು. ವರ್ಷವರ್ಷದ ಏರಿಕೆಯೆಲ್ಲಾ ಆ ಮೊದಲ ಸಂಬಳದ ಮೇಲೆ ಶೇಕಡಾ ಲೆಕ್ಕದಲ್ಲಿ. ಕೆಳಗೆ ಶುರುವಾದವರು ಎಷ್ಟು ಬೆವರು ಸುರಿಸಿದರೂ ಮೇಲೆ ಶುರುವಾದವರ ಬೆನ್ನು ನೋಡುತ್ತಲೇ ಇರಬೇಕು. ಕಂಪನಿ ಬದಲಿಸೋಣವೆಂದರೆ ಅಲ್ಲೂ ಮೊದಲು ಕೇಳುವುದು ಹಿಂದಿನ ಸಂಬಳ ಎಷ್ಟಿತ್ತು ಎಂದೇ. ಸಂಬಳದ ವಿಷಯ ಯಾರೊಂದಿಗೂ ಮಾತಾಡಬಾರದು ಎಂಬ ಷರತ್ತು ಬೇರೆ ಲೆಟರಿನಲ್ಲಿ ದಪ್ಪ ಅಕ್ಷರದಲ್ಲಿರುತ್ತಿತ್ತು. ಅದನ್ನು ಟೈಪ್ ಮಾಡುತ್ತಿದ್ದವರೂ ಲೆಟರಕ್ಕನೇ. ಇಪ್ಪತ್ತನಾಲ್ಕು ವರ್ಷದಲ್ಲಿ ಒಬ್ಬರ ಸಂಬಳವೂ ತಮ್ಮ ಬಾಯಿಂದ ಆಚೆ ಹೋಗಿಲ್ಲ ಎಂಬ ಹೆಮ್ಮೆ ಅವರಿಗೆ. ಆ ಹೆಮ್ಮೆಯನ್ನು ನಾನೂ ಹೊಗಳಿದ್ದೇನೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಲೆಟರಕ್ಕ ಮದುವೆಯಾಗಲಿಲ್ಲ. ಅವರ ಅಕ್ಕ ತೀರಿಕೊಂಡಾಗ ಅಕ್ಕನ ಮಗಳಿಗೆ ಆರು ವರ್ಷ. ಅವಳನ್ನು ಇವರೇ ಸಾಕಿದರು. ಎರಡು ಕೋಣೆಯ ಬಾಡಿಗೆ ಮನೆ, ಒಂದು ಕೋಣೆ ಪೂರ್ತಿ ಅವಳ ಪುಸ್ತಕಕ್ಕೆ. ಅವಳ ಶಾಲೆಯ ನಿಬಂಧಗಳನ್ನು ಇವರು ಅದೇ ಸ್ಕೇಲಿಟ್ಟು ತಿದ್ದುತ್ತಿದ್ದರು. ರಜೆಯಲ್ಲಿ ಅವಳು ನಮ್ಮ ಕೋಣೆಗೆ ಬಂದು ಬೇಡವಾದ ಹಾಳೆಗಳ ಹಿಂದೆ ಚಿತ್ರ ಬರೆಯುತ್ತಿದ್ದಳು. ನನ್ನ ಬೋಳುತಲೆಯದೂ ಒಂದು ಬರೆದಿದ್ದಳು, ಚೆನ್ನಾಗಿಯೇ ಇತ್ತು. ಕಂಪ್ಯೂಟರ್ ಪದವಿ ಮುಗಿಸಿ ಅವಳು ನಮ್ಮ ಕಂಪನಿಗೇ ಅರ್ಜಿ ಹಾಕಿದಳು. ಸಂಬಂಧಿಕರೆಂದು ಲೆಟರಕ್ಕ ಮೊದಲೇ ಬರೆದುಕೊಟ್ಟರು. “ನೀವು ಸಂದರ್ಶನದ ಕೋಣೆಗೆ ಬರಬೇಡಿ, ಅಷ್ಟು ಸಾಕು” ಎಂದರು ಮ್ಯಾನೇಜರ್.

ಸಂದರ್ಶನದ ಬೆಳಿಗ್ಗೆ ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಾ ಹುಡುಗಿ ಕೇಳಿದಳಂತೆ: “ಚಿಕ್ಕಮ್ಮಾ, ಸಂಬಳ ಎಷ್ಟು ಬೇಕು ಅಂದ್ರೆ ಏನು ಹೇಳ್ಲಿ?”

“ಕಂಪನಿ ನಿಯಮದ ಪ್ರಕಾರ ಕೊಡಿ ಅನ್ನು” ಎಂದರಂತೆ ಇವರು.

ಸಂದರ್ಶನದಲ್ಲಿ ನಾನು ಅಂಕಪಟ್ಟಿಗಳ ರಾಶಿ ಹಿಡಿದು ಮೂಲೆಯಲ್ಲಿ ಕೂತಿದ್ದೆ. ಕೇಳಿದ್ದಕ್ಕೆಲ್ಲಾ ಪಟಪಟನೆ ಉತ್ತರ ಕೊಟ್ಟಳು. ಕೊನೆಗೆ ಆ ಪ್ರಶ್ನೆ ಬಂತು. ಅವಳು ಕೈಕಟ್ಟಿ, ಪಾಠ ಒಪ್ಪಿಸುವವಳ ಹಾಗೆ ಆ ವಾಕ್ಯ ಹೇಳಿದಳು. ಮ್ಯಾನೇಜರ್ ಮುಖದಲ್ಲಿ ಸಂತೋಷ. ಟಿಕ್ ಬಿತ್ತು. ಹಾಳೆ ನೋಡಿದ ಲೆಟರಕ್ಕ ಲೆಟರ್ ಟೈಪ್ ಮಾಡಿ ಸ್ಕೇಲಿಟ್ಟು ಓದಿದರು. ನಾಲ್ಕನೇ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತರು.

“ಯಾಕಕ್ಕಾ ಹಾಗೆ ಹೇಳಿಕೊಟ್ರಿ? ಬೇರೆಯವರ ಮನೆ ಹುಡುಗೀನಾ ಅವಳು?” ಎಂದೆ.

“ಸರಿಯಾದ ಮೊತ್ತ ಹೇಳಿದ್ರೆ ಬಾಯಿಬಿಟ್ಟಿದ್ದು ನಾನೇ ಅಂತ ಅವರಿಗೆ ಗೊತ್ತಾಗಲ್ವಾ? ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತೆ. ಜಾಸ್ತಿ ಕೇಳಿ ಕೆಲಸಾನೇ ತಪ್ಪಿಹೋದ್ರೆ? ಒಳಗೆ ಸೇರ್ಕೊಳ್ಳಲಿ ಬಿಡು. ಜಾಣೆ ಇದ್ದಾಳೆ, ಮುಂದೆ ಬರ್ತಾಳೆ.”

ಮುಂದೆ ಬರುವ ದಾರಿಗೆ ನಮ್ಮಲ್ಲಿ ಶೇಕಡಾ ಲೆಕ್ಕವಿದೆ ಎಂದು ಅವರಿಗೆ ನಾನು ಹೇಳಬೇಕಿತ್ತೇ? ಹೇಳಲಿಲ್ಲ. ಅವರ ಮನೆ ವಿಷಯ, ನನಗೇಕೆ ಎಂದುಕೊಂಡು ಚಹಾ ತರಲು ಎದ್ದುಹೋದೆ.

ಹುಡುಗಿ ಜಾಣೆಯೇ. ಎರಡೇ ವರ್ಷದಲ್ಲಿ ಅವಳ ತಂಡದವರು ಕಷ್ಟದ ಕೆಲಸವನ್ನೆಲ್ಲಾ ಅವಳ ತಲೆಗೆ ಕಟ್ಟತೊಡಗಿದರು. ಅವಳ ಪಕ್ಕದ ಕುರ್ಚಿಯಲ್ಲಿ, ಅದೇ ದಿನ ಸೇರಿದ ಒಬ್ಬ ಯುವಕನಿದ್ದ. ಒಳ್ಳೆಯವನು, ಕೆಲಸದಲ್ಲಿ ಸಾಧಾರಣ. ದಿನಕ್ಕೆ ಹತ್ತು ಸಲ ಇವಳನ್ನು ಕೇಳಿ ಬರೆಯುವವನು. ಮೂರನೇ ವರ್ಷ ಒಂದು ದಿನ, ಅವನು ಬ್ಯಾಂಕಿಗೆಂದು ತೆಗೆದ ಸಂಬಳದ ಚೀಟಿ ಪ್ರಿಂಟರ್ ಮೇಲೇ ಉಳಿದಿತ್ತು. ತನ್ನ ಹಾಳೆ ತರಲು ಹೋದ ಇವಳ ಕೈಗೆ ಅದು ಸಿಕ್ಕಿತು.

ಅವನ ಮೇಲೆ ಅವಳು ಕೂಗಾಡಲಿಲ್ಲ. ಅವನ ಅಣ್ಣ ಇದೇ ಕಸುಬಿನಲ್ಲಿದ್ದನಂತೆ, ಮೊತ್ತ ಹೇಳು ಎಂದು ಮೊದಲೇ ಹೇಳಿಕೊಟ್ಟಿದ್ದನಂತೆ. ಅಷ್ಟನ್ನು ಕೇಳಿಕೊಂಡು ಅವಳು ನೆಟ್ಟಗೆ ನಮ್ಮ ಕೋಣೆಗೆ ಬಂದಳು.

“ಚಿಕ್ಕಮ್ಮಾ, ನಿಂಗೆ ಇದು ಗೊತ್ತಿರ್ಲಿಲ್ಲ ಅಲ್ವಾ?”

ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು. ನಂಬಬೇಕೆಂದೇ ಬಂದಿದ್ದಳು. ಲೆಟರಕ್ಕ ಕೀಬೋರ್ಡ್ ಮೇಲಿಂದ ಕೈ ತೆಗೆದು, “ಗೊತ್ತಿತ್ತು” ಎಂದರು.

“ಅವನಿಗೆ ಅವನ ಅಣ್ಣ ಹೇಳಿಕೊಟ್ಟ. ನಾನು ನಿನ್ನನ್ನ ಕೇಳ್ದೆ.”

ಎರಡು ತಿಂಗಳು ಆ ಮನೆಯಲ್ಲಿ ಮಾತಿರಲಿಲ್ಲ. ಊಟಕ್ಕೆ ಇಡುವುದು, ತಟ್ಟೆ ತೆಗೆಯುವುದು, ಎಲ್ಲಾ ಮೂಕಿ ಚಿತ್ರದ ಹಾಗೆ. ಲೆಟರಕ್ಕ ಒಣಗಿಹೋದರು. ಆ ದಿನಗಳಲ್ಲಿ ಒಬ್ಬರ ಲೆಟರಿನಲ್ಲಿ ತಾರೀಕು ತಪ್ಪಿತು, ನಾನು ಕಂಡುಹಿಡಿದು ಸುಮ್ಮನೆ ತಿದ್ದಿಕೊಟ್ಟೆ. ಲೆಟರಕ್ಕ ಮ್ಯಾನೇಜರ್ ಹತ್ತಿರ ಹೋಗಿ ಅವಳ ಸಂಬಳ ಸರಿಮಾಡಿ ಎಂದೂ ಕೇಳಿದರು, ಜೀವನದಲ್ಲಿ ಮೊದಲ ಸಲ. “ನಿಮ್ಮವಳಿಗೆ ಮಾಡಿದ್ರೆ ಎಲ್ಲರಿಗೂ ಮಾಡ್ಬೇಕಾಗುತ್ತಲ್ಲಾ” ಎಂದು ಅವರು ನಕ್ಕರು.

ಕೊನೆಗೆ ಹುಡುಗಿಯೇ ಸೋತಳು. ಒಂದು ಭಾನುವಾರ ಬಟ್ಟೆ ಮಡಚುತ್ತಾ ಹೇಳಿದಳಂತೆ: “ಹೋಗ್ಲಿ ಬಿಡು ಚಿಕ್ಕಮ್ಮ. ನಾನು ಬೇರೆ ಕಡೆ ನೋಡ್ತೀನಿ. ಅಲ್ಲಿ ನಾನೇ ನಂಬರ್ ಹೇಳ್ತೀನಿ, ಹಳೇ ಸಂಬಳ ಜಪ್ಪಯ್ಯ ಅಂದ್ರೂ ಬಾಯಿ ಬಿಡಲ್ಲ. ನೀನು ಈ ಸಲ ನನ್ನ ಕಡೆ ಇರು, ಅಷ್ಟೇ.” ಮರುದಿನ ಅದನ್ನು ನನಗೆ ಹೇಳುವಾಗ ಲೆಟರಕ್ಕನ ಮುಖ ಅರಳಿತ್ತು. ಫ್ಯಾನನ್ನೂ ನನ್ನ ಕಡೆ ತಿರುಗಿಸಿದರು.

ಹೇಳಿದಂತೆಯೇ ಮಾಡಿದಳು. ದೊಡ್ಡದೊಂದು ಕಂಪನಿಯಲ್ಲಿ ಸಂದರ್ಶನ ಗೆದ್ದಳು. ಒಳ್ಳೆಯ ಮೊತ್ತವನ್ನೇ ಕೇಳಿದಳು. ಹಿಂದಿನ ಸಂಬಳ ಎಷ್ಟೆಂದರೆ, ಗುಟ್ಟಾಗಿಡಬೇಕೆಂಬ ಷರತ್ತಿದೆ, ಹೇಳಲಾರೆ ಎಂದಳು. ಅವರು ತಲೆದೂಗಿದರು. ಅವರ ಮಾತು ನಂಬಿ ಇಲ್ಲಿ ರಾಜೀನಾಮೆ ಕೊಟ್ಟು ಹೊರಟಳು. ಅಲ್ಲಿಂದ ಲೆಟರ್ ಬರುವುದಷ್ಟೇ ಬಾಕಿ.

ಆ ವಾರ ನನ್ನ ಮೇಜಿನ ಫೋನ್ ಹೊಡೆದುಕೊಂಡಿತು. ಆ ಕಂಪನಿಯ ನೇಮಕಾತಿ ಕೋಣೆಯ ಹೆಣ್ಣುಮಗಳು, ನಮ್ಮ ಹುಡುಗಿಯ ಬಗ್ಗೆ ವಿಚಾರಿಸಲು. ನಾನೇ ನಾಲ್ಕು ಮಾತು ಹೇಳಿ ಇಡಬೇಕಿತ್ತು. ನನಗೆ ಎಲ್ಲಿಲ್ಲದ ಉಪಕಾರ ಬುದ್ಧಿ ಬಂತು. ಸಾಕಿದವರ ಬಾಯಿಂದಲೇ ಹೊಗಳಿಕೆ ಹೋಗಲಿ ಎಂದು, “ನಿಮ್ಮ ಹುಡುಗೀದು, ನೀವೇ ಮಾತಾಡಿ” ಎಂದು ರಿಸೀವರನ್ನು ಲೆಟರಕ್ಕನ ಕೈಗೆ ಕೊಟ್ಟೆ.

ಎಷ್ಟು ಚೆಂದ ಮಾತಾಡಿದರು! ಯಾವತ್ತು ಸೇರಿದಳು, ಯಾವತ್ತು ಬಿಟ್ಟಳು, ಒಂದು ದಿನ ತಡವಾಗಿ ಬಂದವಳಲ್ಲ, ಕೆಲಸದಲ್ಲಿ ಎತ್ತಿದ ಕೈ. ಬೆನ್ನು ನೆಟ್ಟಗಾಗಿತ್ತು, ದನಿಯಲ್ಲಿ ಕಚೇರಿಯ ಗತ್ತು. ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬಂತು. ಬಿಟ್ಟುಹೋದವರ ಸಂಬಳ ಎಷ್ಟಿತ್ತೆಂದು ನೇಮಕಾತಿ ಕೋಣೆಯವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ವಾಡಿಕೆ. ಇವತ್ತು ಅವರಿಗೆ ನಾವು ಹೇಳುತ್ತೇವೆ, ನಾಳೆ ನಮಗೆ ಅವರು. ಅದಕ್ಕೆ ಷರತ್ತು ಗಿರತ್ತು ಯಾರೂ ನೋಡುವುದಿಲ್ಲ. ಲೆಟರಕ್ಕ ಹುಡುಗಿಯ ಸಂಬಳವನ್ನು ಹೇಳಿದರು. ಕಡತ ತೆಗೆಯಲಿಲ್ಲ, ಬಾಯಿಪಾಠವಾಗಿತ್ತು. ರೂಪಾಯಿಗೆ ರೂಪಾಯಿ ಹೇಳಿದರು.

ಫೋನ್ ಇಟ್ಟ ಮೇಲೆ ನನ್ನ ಕಡೆ ನೋಡಿದರು. ನಾನೂ ನೋಡಿದೆ.

“ಹೇಳ್ಬಿಟ್ನಲ್ಲೋ” ಎಂದರು.

ಸಾಕಿದ ಮಗಳು ಕೇಳಿದಾಗ ತೆರೆಯದ ಬಾಯಿ, ಮುಖ ನೋಡದ ಯಾರೋ ಕೇಳಿದರೆಂದು ತೆರೆದುಕೊಂಡಿತ್ತು. ಸಂಬಳದ ವಿಷಯ ಹೇಳುವ ಹಾಗಿಲ್ಲ ಎಂದಿದ್ದರೆ ಮುಗಿದಿತ್ತು. ಆ ಷರತ್ತನ್ನು ಅವರು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದರು! ಮತ್ತೆ ಫೋನ್ ಮಾಡಿದರು. ಬರೆದುಕೊಂಡಾಯ್ತು ಮೇಡಂ, ತುಂಬಾ ಥ್ಯಾಂಕ್ಸ್ ಎಂದಳು ಆಕೆ.

“ಇವತ್ತೇ ಮನೇಲಿ ಹೇಳ್ಬಿಡಿ ಅಕ್ಕಾ” ಎಂದೆ. ಹೇಳ್ತೀನಿ ಎಂದರು. ಮರುದಿನ ಕೇಳಿದರೆ ನಾಳೆ ಎಂದರು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ರಿಸೀವರ್ ಕೊಟ್ಟವನಿಗೆ ಕೇಳಲು ಯಾವ ಮುಖ?

ಎರಡು ತಿಂಗಳ ನಂತರ ಲೆಟರಕ್ಕ ನಿವೃತ್ತರಾದರು. ತಮ್ಮ ಬಿಡುಗಡೆಯ ಪತ್ರವನ್ನೂ ತಾವೇ ಟೈಪ್ ಮಾಡಿ ಓದಿಕೊಂಡರು. ಸಂಜೆ ನಮ್ಮ ಕೋಣೆಯಲ್ಲೇ ಚಹಾ, ಬಿಸ್ಕತ್ತು, ಮ್ಯಾನೇಜರ್ ಭಾಷಣ. ಅವರನ್ನು ಕರೆದೊಯ್ಯಲು ಹುಡುಗಿ ಬಂದಿದ್ದಳು, ಕೊರಳಲ್ಲಿ ಹೊಸ ಕಂಪನಿಯ ಕಾರ್ಡು.

“ಹೇಗಿದೆಯಮ್ಮಾ ಅಲ್ಲಿ?” ಎಂದೆ.

“ಕೆಲಸ ಚೆನ್ನಾಗಿದೆ ಅಂಕಲ್. ಕೇಳಿದಷ್ಟು ಕೊಡ್ಲಿಲ್ಲ. ಹಳೇದು ಅದು ಹೇಗೆ ಗೊತ್ತಾಯ್ತೋ, ಅದರ ಮೇಲೆ ಒಂದಿಷ್ಟು ಸೇರಿಸಿ ಕೊಟ್ರು. ಆಗ್ಲೇ ಇಲ್ಲಿ ಬಿಟ್ಟಾಗಿತ್ತು, ಒಪ್ಕೊಂಡೆ.” ಮೇಜು ಖಾಲಿ ಮಾಡುತ್ತಿದ್ದ ಲೆಟರಕ್ಕನ ಕಡೆ ನೋಡಿ ದನಿ ತಗ್ಗಿಸಿದಳು. “ಆ ಲೆಟರ್ ಬಂದ ದಿನ ತಪ್ಪಿದೆಯಾ ನೋಡು ಅಂತ ಚಿಕ್ಕಮ್ಮನಿಗೇ ಕೊಟ್ಟೆ. ನಾಲ್ಕನೇ ಸಾಲಿಗೆ ಬಂದು ಅಳೋಕೆ ಶುರು ಮಾಡಿದ್ಲು. ನನಗಿಂತ ಅವಳಿಗೇ ಜಾಸ್ತಿ ಸಂಕಟ, ಪಾಪ. ಕೊನೆಗೆ ನಾನೇ ಸಮಾಧಾನ ಮಾಡ್ಬೇಕಾಯ್ತು.”

ನಾನು ಬಿಸ್ಕತ್ತಿನ ತಟ್ಟೆ ಅವಳ ಮುಂದೆ ಹಿಡಿದೆ. ಲೆಟರಕ್ಕ ಚೀಲ ಎತ್ತಿಕೊಳ್ಳಲು ಹೋದರೆ ಹುಡುಗಿ ಬಿಡಲಿಲ್ಲ, “ಕೊಡು ಚಿಕ್ಕಮ್ಮ, ಭಾರ ಇದೆ” ಎಂದು ಕಸಿದುಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಹೋದರು. ಸ್ಕೇಲು ಮೇಜಿನ ಮೇಲೆಯೇ ಇತ್ತು. ಮರೆತಿದ್ದಾರೆಂದು ಕೂಗಿದೆ. ಲೆಟರಕ್ಕ ತಿರುಗಿ ನೋಡಿ, ಬೇಡ ಎಂದು ಕೈಯಾಡಿಸಿದರು.